ಆಕ್ಸೊಲಾಟಲ್ ಸಪ್ಪಗಾಗಿದೆಯೇ? ಮೊದಲು ನೀರು ನೋಡಿ

ಆಕ್ಸೊಲಾಟಲ್ ನೀರಿನಲ್ಲೇ ಬದುಕುವ, ಸಾಲಮಾಂಡರ್ ಜಾತಿಯ ಒಂದು ಉಭಯವಾಸಿ. ಅದು ಕೂಗುವುದಿಲ್ಲ, ನರಳುವುದಿಲ್ಲ. ಅದರ ಬಾಯಿಯ ಗೆರೆ ಯಾವಾಗಲೂ ನಗುತ್ತಿರುವ ಹಾಗೆಯೇ ಇರುವುದರಿಂದ, ಅದಕ್ಕೆ ಕಷ್ಟವಾಗುತ್ತಿದೆ ಎಂಬುದು ಸಾಕಿದವರಿಗೆ ತಡವಾಗಿಯೇ ಗೊತ್ತಾಗುತ್ತದೆ. ಆದರೆ ಕಿವಿರು, ಬಾಲದ ತುದಿ, ಹಸಿವು, ಕೂರುವ ಜಾಗ ಈ ನಾಲ್ಕರ ಮೇಲೆ ದಿನವೂ ಕಣ್ಣಿಟ್ಟವರಿಗೆ ತೊಂದರೆ ಕಾಯಿಲೆಯಾಗಿ ಬಲಿಯುವ ಮೊದಲೇ ಸಿಕ್ಕಿಬೀಳುತ್ತದೆ. ಬಹಳಷ್ಟು ಸಲ ಮೂಲ ಇರುವುದು ನೀರಿನಲ್ಲಿ. ಹಾಗಾಗಿ ಔಷಧದ ಬಾಟಲಿಗೆ ಕೈ ಹಾಕುವ ಮೊದಲು ಥರ್ಮಾಮೀಟರ್ ಮತ್ತು ನೀರು ಪರೀಕ್ಷೆಯ ಕಿಟ್ ತೆಗೆಯಿರಿ. ಈ ಬರಹ ಪೂರ್ತಿ ನಿಂತಿರುವುದು ಈ ಒಂದು ಮಾತಿನ ಮೇಲೆ.

ಇದಕ್ಕೆ ಕಾರಣ ಆ ಜೀವದ ಹುಟ್ಟಿನಲ್ಲೇ ಇದೆ. ಮೆಕ್ಸಿಕೋ ನಗರದ ಅಂಚಿನ ಸೊಚಿಮಿಲ್ಕೊ ಕಾಲುವೆಗಳು ಇದರ ತವರು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಜಾಗ. ತಣ್ಣಗಿನ, ನಿಧಾನವಾಗಿ ಹರಿಯುವ ನೀರು. ಆಕ್ಸೊಲಾಟಲ್ ಮರಿಯ ರೂಪದಲ್ಲೇ ಪ್ರಾಯಕ್ಕೆ ಬಂದು, ಜೀವನವಿಡೀ ಕಿವಿರುಗಳನ್ನು ದೇಹದ ಹೊರಗೇ ಹೊತ್ತು ಬದುಕುತ್ತದೆ. ಮೀನಿನ ಕಿವಿರಿಗೆ ಮುಚ್ಚಳವಿದೆ, ಮೈಗೆ ಹುರುಪೆಯಿದೆ; ಇದಕ್ಕೆ ಎರಡೂ ಇಲ್ಲ. ನೀರಿನಲ್ಲಿರುವ ಅಮೋನಿಯಾ, ಕ್ಲೋರಿನ್, ಔಷಧ ಎಲ್ಲವೂ ನೇರವಾಗಿ ಕಿವಿರಿಗೆ, ಬರಿ ಚರ್ಮಕ್ಕೆ ತಾಗುತ್ತವೆ. ಕಣ್ಣಿಗೆ ರೆಪ್ಪೆಯೂ ಇಲ್ಲದ್ದರಿಂದ ಪ್ರಖರ ಬೆಳಕಿನಿಂದ ತಪ್ಪಿಸಿಕೊಳ್ಳಲು ಅಡಗುವುದೊಂದೇ ದಾರಿ.

ಗಾಬರಿ ಬೇಡದ ಸಂಗತಿಗಳು

ಸಹಜವಾಗಿರುವುದು ಯಾವುದು ಎಂದು ಗೊತ್ತಿಲ್ಲದೆ ಅಸಹಜವನ್ನು ಹುಡುಕಲಾಗದು. ಹೊಸದಾಗಿ ಸಾಕುವವರು ಅನಾವಶ್ಯಕ ಔಷಧ ಹಾಕಿ ಪ್ರಾಣಿಯನ್ನು ಹಣ್ಣು ಮಾಡುವುದು ಹೆಚ್ಚಾಗಿ ಇಲ್ಲಿಯೇ.

ಆಗಾಗ ಕಿವಿರನ್ನು ಚಟ್ಟನೆ ಹಿಂದಕ್ಕೆ ಒದರುವುದು ಸಹಜ. ಕಿವಿರಿನ ಮೇಲಿನ ಕಸ ಝಾಡಿಸಿ, ಸುತ್ತಲಿನ ನೀರನ್ನು ಬದಲಿಸಿಕೊಳ್ಳುವ ಕ್ರಮ ಅದು. ದಿನಕ್ಕೆ ಕೆಲವು ಸಲ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಗುಳ್ಳೆ ಬಿಡುವುದೂ ಹಾಗೆಯೇ, ಏಕೆಂದರೆ ಕಿವಿರಿನ ಜೊತೆಗೆ ಅದಕ್ಕೆ ಸರಳವಾದ ಶ್ವಾಸಕೋಶಗಳೂ ಇವೆ. ಹಗಲಿಡೀ ಕದಲದೆ ಬಿದ್ದಿರಬಹುದು, ರಾತ್ರಿ ಓಡಾಡಬಹುದು. ತಿಂದ ಮೇಲೆ ಅಥವಾ ಓಡಾಡಿದ ಮೇಲೆ ಕಿವಿರು ಕೆಂಪೇರಿ, ವಿಶ್ರಾಂತಿಯಲ್ಲಿ ಮಸುಕಾಗುವುದು ತಿಳಿಬಣ್ಣದವುಗಳಲ್ಲಿ ಎದ್ದು ಕಾಣುತ್ತದೆ. ತೆಳು ಪರೆಯಂಥ ಚರ್ಮ ಒಮ್ಮೊಮ್ಮೆ ಕಳಚುತ್ತದೆ. ಪ್ರಾಯಕ್ಕೆ ಬಂದಾಗ ಬೆರಳ ತುದಿ ಕಪ್ಪಾಗುತ್ತದೆ. ಗಂಡಿಗೆ ಹಿಂಗಾಲುಗಳ ಹಿಂದೆ, ಬಾಲದ ಬುಡದಲ್ಲಿ ಎರಡು ಬದಿಗೂ ಉಬ್ಬು ಬರುತ್ತದೆ. ಇದನ್ನು ಗಡ್ಡೆ ಎಂದುಕೊಂಡು ಗಾಬರಿಯಾಗುವವರು ಬಹಳ ಮಂದಿ.

ಪ್ರಾಣಿ ಚೆನ್ನಾಗಿರುವಾಗಲೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಿವಿರು ನಿಜಕ್ಕೂ ಚಿಕ್ಕದಾಯಿತೇ, ಹೊಟ್ಟೆ ನಿಜಕ್ಕೂ ಊದಿದೆಯೇ ಎಂಬ ಪ್ರಶ್ನೆಗೆ ನೆನಪಿಗಿಂತ ಫೋಟೊ ಖಚಿತ ಉತ್ತರ ಕೊಡುತ್ತದೆ.

ಕಿವಿರು ಏನು ಹೇಳುತ್ತದೆ

ತಲೆಯ ಎರಡು ಬದಿಗೂ ಮೂರು ಮೂರು ಕಿವಿರುಕಾಂಡ, ಅವುಗಳ ಮೇಲೆ ಸಾಲಾಗಿ ಎಳೆಗಳು. ನೆಮ್ಮದಿಯಾಗಿರುವಾಗ ಕಾಂಡಗಳು ಪಕ್ಕಕ್ಕೆ, ತುಸು ಹಿಂದಕ್ಕೆ ಚಾಚಿರುತ್ತವೆ, ಎಳೆಗಳು ಹರಡಿಕೊಂಡಿರುತ್ತವೆ. ಒತ್ತಡದ ಮೊದಲ ಗುರುತು ಕಾಂಡಗಳ ತುದಿ ಮುಖದ ಕಡೆಗೆ ಬಾಗುವುದು. ಊಟದ ವಾಸನೆ ಹಿಡಿದಾಗ, ತಿರುಗಿ ನೋಡುವಾಗ ಒಂದು ಗಳಿಗೆ ಮುಂದೆ ಬಾಗಿದರೆ ಲೆಕ್ಕಕ್ಕಿಲ್ಲ. ಸುಮ್ಮನೆ ಕೂತಿರುವಾಗಲೂ, ಗಂಟೆಗಟ್ಟಲೆ, ಪ್ರತಿಸಲ ನೋಡಿದಾಗಲೂ ಮುಂದಕ್ಕೆ ಸುರುಳಿಯಾಗಿಯೇ ಇದ್ದರೆ ಅದು ಗುರುತು.

ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು: ನೀರಿನ ಸೆಳೆತ ಜೋರಾಗಿದೆ, ನೀರಿನಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಇದೆ, ಇಲ್ಲವೇ ನೀರು ಬಿಸಿಯಾಗಿದೆ. ಇವುಗಳಲ್ಲಿ ಸೆಳೆತವನ್ನು ಬೇರ್ಪಡಿಸಿ ನೋಡುವುದು ಸುಲಭ. ಫಿಲ್ಟರ್ ಅನ್ನು 30 ನಿಮಿಷ ನಿಲ್ಲಿಸಿ ದೂರದಿಂದ ಗಮನಿಸಿ. ಕಿವಿರು ಸಡಿಲವಾಗಿ ಹಿಂದಕ್ಕೆ ಮರಳಿದರೆ ಕಾರಣ ಸಿಕ್ಕಂತೆ. ಹಾಗೆಯೇ ಬಾಗಿದ್ದರೆ ನೀರು ಪರೀಕ್ಷೆಯ ಕಡೆ ಹೊರಡಿ. ಫಿಲ್ಟರನ್ನು ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ. ಒಳಗಿನ ಸ್ಪಾಂಜಿನಲ್ಲಿ ನೆಲೆಸಿ, ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಮುಂದೆ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.

ಎಳೆಗಳು ವಾರಗಳ ಮೇಲೆ ಚಿಕ್ಕದಾಗುತ್ತ, ಉದುರುತ್ತ ಹೋಗುತ್ತಿದ್ದರೆ ತೊಂದರೆ ಬಹಳ ದಿನದ್ದು. ನೀರು ಸರಿಯಾದ ಮೇಲೆ ಎಳೆಗಳು ಮತ್ತೆ ಬೆಳೆಯುತ್ತವೆ, ಆದರೆ ವಾರಗಳ ಲೆಕ್ಕದಲ್ಲಿ. ಕೆಲವು ಆಕ್ಸೊಲಾಟಲ್‌ಗಳಿಗೆ ಹುಟ್ಟಿನಿಂದಲೇ ಗಿಡ್ಡ ಕಿವಿರು ಇರುತ್ತದೆ. ಮೊದಲು ಹೇಗಿತ್ತು ಎಂಬುದಕ್ಕೆ ಹೋಲಿಸಿ ನೋಡಬೇಕೇ ಹೊರತು ಬೇರೊಂದರ ಫೋಟೊಗಲ್ಲ.

ಬಾಲ, ಚರ್ಮ, ನಡೆ

ಬಾಲದ ಕೊನೆಯ ಒಂದೆರಡು ಸೆಂಟಿಮೀಟರ್ ಮಾತ್ರ ಪಕ್ಕಕ್ಕೆ ಕೊಕ್ಕೆಯಂತೆ ಮಡಚಿಕೊಂಡಿರುವುದು ಕಿವಿರಿಗಿಂತ ಗಂಭೀರ ಗುರುತು. ಗಾಜಿಗೆ ಒರಗಿ ಮಲಗಿದಾಗ ಇಡೀ ಬಾಲ ಬಾಗುವುದು ಬೇರೆ, ಅದನ್ನು ಎಣಿಸಬೇಡಿ. ತುದಿ ಮಾತ್ರ ಮಡಚಿ, ವಿಶ್ರಾಂತಿಯಲ್ಲೂ ಬಿಡಿಸಿಕೊಳ್ಳದೆ ಇದ್ದರೆ ನೀರು ಕೆಟ್ಟಿರಬಹುದು, ಹೊಟ್ಟೆ ಕಟ್ಟಿರಬಹುದು, ಸೋಂಕು ಶುರುವಾಗಿರಬಹುದು. ಕಿವಿರು ಬಾಗಿ, ಬಾಲವೂ ಕೊಕ್ಕೆಯಾಗಿ, ಊಟವನ್ನೂ ಬಿಟ್ಟಿದ್ದರೆ ನಾಳೆಗೆ ಬಿಡದೆ ಅಂದೇ ಕೈಹಾಕಿ.

ನಡೆಯಲ್ಲಿ ನೋಡಬೇಕಾದ್ದು: ಹಠಾತ್ತನೆ ತೊಟ್ಟಿಯ ಉದ್ದಕ್ಕೂ ಧಾವಿಸಿ ಗಾಜಿಗೆ ಬಡಿದುಕೊಳ್ಳುವುದು, ನಿಮಿಷ ನಿಮಿಷಕ್ಕೂ ಮೇಲೆ ಬಂದು ಗಾಳಿ ನುಂಗುವುದು, ಮೈಯನ್ನು ಕಲ್ಲಿಗೋ ನೆಲಕ್ಕೋ ಉಜ್ಜುವುದು, ಹೊರಗೆ ಹಾರಲು ನೋಡುವುದು. ನೀರು ಬದಲಿಸಿದ ಅರ್ಧ ಗಂಟೆಯೊಳಗೆ ಇವು ಕಂಡರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲು ಮರೆತಿರಬಹುದು ಅಥವಾ ಹೊಸ ನೀರಿನ ಉಷ್ಣತೆ ಬಹಳ ಬೇರೆಯಿರಬಹುದು. ಕೂಡಲೇ ದ್ರಾವಣ ಹಾಕಿ. ಇಡೀ ತೊಟ್ಟಿಯ ನೀರಿನ ಲೆಕ್ಕಕ್ಕೆ ಹಾಕಬೇಕು, ಬದಲಿಸಿದ ಭಾಗಕ್ಕಷ್ಟೇ ಅಲ್ಲ.

ಚರ್ಮದ ಮೇಲೆ ಅಥವಾ ಕಿವಿರಿನ ಮೇಲೆ ಬಿಳಿ ಹತ್ತಿಯಂಥ ಎಳೆ ಕಂಡರೆ ಶಿಲೀಂಧ್ರ. ಮೈಮೇಲೆ ಲೋಳೆ ಹೆಚ್ಚಾಗಿ ಬೂದು ಪರೆ ಕಟ್ಟುವುದು, ಚರ್ಮ ಚಿಂದಿ ಚಿಂದಿಯಾಗಿ ಏಳುವುದು ಅಮೋನಿಯಾ ಸುಟ್ಟ ಗುರುತಾಗಿರಬಹುದು. ಕಾಲು, ಹೊಟ್ಟೆ, ಕುತ್ತಿಗೆಯ ಕೆಳಗೆ ಕೆಂಪು ಚುಕ್ಕೆ ಅಥವಾ ಕೆಂಪು ಗೆರೆಗಳು ಎದ್ದರೆ ರಕ್ತಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿರುವ ಸಾಧ್ಯತೆಯಿದೆ. ಇದು ಮನೆಮದ್ದಿನ ವಿಷಯವಲ್ಲ. ಪಶುವೈದ್ಯರ ಬಳಿ ಹೋಗಬೇಕಾದ್ದು.

ಹಸಿವಿನ ಬಗ್ಗೆ ಸ್ವಲ್ಪ ತಾಳ್ಮೆ ಬೇಕು. ದೊಡ್ಡವಕ್ಕೆ ಎರಡು ಮೂರು ದಿನಕ್ಕೊಮ್ಮೆ ಊಟ ಸಾಕು. ಒಂದು ಹೊತ್ತು ಬಿಟ್ಟರೆ ಏನೂ ಆಗದು. ಹೊಸ ಮನೆಗೆ ಬಂದ ಮೇಲೆ ಕೆಲವು ದಿನ ತಿನ್ನದಿರುವುದೂ ಉಂಟು. ಮೈಕೈ ತುಂಬಿಕೊಂಡ ದೊಡ್ಡ ಆಕ್ಸೊಲಾಟಲ್ ತಣ್ಣೀರಿನಲ್ಲಿ ಎರಡು ವಾರ ಉಪವಾಸ ತಡೆಯುತ್ತದೆ. ಮರಿಗಳ ಮಾತು ಬೇರೆ, ಅವು ದಿನವೂ ತಿನ್ನಬೇಕು. ಎರಡು ದಿನ ಬಿಟ್ಟರೂ ಕಾರಣ ಹುಡುಕಿ. ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದರೆ ಹಸಿವಿದೆ, ಆದರೆ ಊಟದಲ್ಲಿ ತೊಂದರೆಯಿದೆ: ತುಂಡು ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲವಿರಬಾರದು. ಗೊಬ್ಬರದ ಗುಂಡಿಯ ಸಣ್ಣ ಕೆಂಪು ಎರೆಹುಳುಗಳು ಗಾಯವಾದಾಗ ಒಂದು ಕಹಿ ದ್ರವ ಬಿಡುತ್ತವೆ, ಅವನ್ನು ಹಲವು ಆಕ್ಸೊಲಾಟಲ್‌ಗಳು ಉಗುಳುತ್ತವೆ. ತುಂಡರಿಸಿ, ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು ಕೊಟ್ಟು ನೋಡಿ, ಇಲ್ಲವೇ ದೊಡ್ಡ ಜಾತಿಯ ಎರೆಹುಳಕ್ಕೆ ಬದಲಿಸಿ.

ಅಳೆಯುವುದು ಹೇಗೆ

ಗುರುತು ಕಂಡ ಮೊದಲ ಗಂಟೆಯಲ್ಲಿ ಉಷ್ಣತೆ ಅಳೆಯಿರಿ. 16 ರಿಂದ 18 ಡಿಗ್ರಿ ಸೆಲ್ಸಿಯಸ್ ಚೆನ್ನ, 20 ರವರೆಗೆ ನಡೆಯುತ್ತದೆ, 24 ದಾಟಿದರೆ ಅಪಾಯ. ಗಾಜಿನ ಹೊರಗೆ ಅಂಟಿಸುವ ಪಟ್ಟಿ ಥರ್ಮಾಮೀಟರ್ ಕೋಣೆಯ ಬಿಸಿಯನ್ನೂ ಸೇರಿಸಿ ತೋರಿಸುವುದರಿಂದ ಅದನ್ನು ನಂಬಬೇಡಿ. ನೀರೊಳಗೆ ಮುಳುಗುವ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ಬಳಸಿ, ಮಧ್ಯಾಹ್ನದ ನಂತರ ನೀರು ಅತಿ ಬಿಸಿಯಾಗಿರುವ ಹೊತ್ತಿನಲ್ಲಿ ಓದಿ. ಬೆಳಿಗ್ಗೆ 19 ಇದ್ದದ್ದು ಸಂಜೆಗೆ 23 ಆಗಿರಬಹುದು. ಈ ಏರಿಳಿತವೇ ಒಂದು ಒತ್ತಡ.

ಬಿಸಿ ಎರಡು ಕಡೆಯಿಂದ ಹೊಡೆಯುತ್ತದೆ. 15 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 25 ಡಿಗ್ರಿಯಲ್ಲಿ 8.3 ಮಾತ್ರ. ಅದೇ ಹೊತ್ತಿಗೆ ದೇಹದ ಕೆಲಸ ಚುರುಕಾಗಿ ಆಮ್ಲಜನಕದ ಅಗತ್ಯ ಏರಿರುತ್ತದೆ. ಮೇಲೆ ಬಂದು ಗಾಳಿ ನುಂಗುವುದು ಹೆಚ್ಚಾದಾಗ ಮೊದಲು ಉಷ್ಣತೆ ನೋಡಿ ಎನ್ನುವುದು ಇದಕ್ಕೇ.

ಆಮೇಲೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್. ನೀರಿಗೆ ಅದ್ದಿ ನೋಡುವ ಪರೀಕ್ಷಾ ಪಟ್ಟಿಗಳ ಬದಲು ಹನಿ ಹಾಕಿ ನೋಡುವ ದ್ರವದ ಕಿಟ್ ಕೊಳ್ಳಿ. ಪಟ್ಟಿಗಳು ಕಡಿಮೆ ಪ್ರಮಾಣವನ್ನು ಸರಿಯಾಗಿ ತೋರಿಸುವುದಿಲ್ಲ, ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾ ಪರೀಕ್ಷೆಯೇ ಇರುವುದಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ, ಪಿಎಚ್ 7.4 ರಿಂದ 7.6 ಉತ್ತಮ, 6.5 ರಿಂದ 8 ರವರೆಗೆ ಸಹ್ಯ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದಕ್ಕೆ ಹಿಡಿದು ಹೋಲಿಸಿ. ನೈಟ್ರೇಟ್ ಪರೀಕ್ಷೆಯ ಎರಡನೇ ಬಾಟಲಿಯಲ್ಲಿ ತಳಕ್ಕೆ ಗಸಿ ಕೂರುವ ಕಿಟ್‌ಗಳಿವೆ; ಅಂಥದ್ದನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಇಲ್ಲದ ಸೊನ್ನೆ ತೋರಿಸುತ್ತದೆ. ಪ್ರಾಣಿ ಇರುವ, ಗಿಡಗಳಿಲ್ಲದ ತೊಟ್ಟಿಯಲ್ಲಿ ನೈಟ್ರೇಟ್ ಸೊನ್ನೆ ಬಂದರೆ ಒಂದೋ ಬಾಟಲಿ ಕುಲುಕಿಲ್ಲ, ಇಲ್ಲವೇ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆಯಾಗಿಲ್ಲ. ಎರಡೂ ತಿಳಿಯಬೇಕಾದ ಸಂಗತಿಗಳೇ.

ಪಿಎಚ್ ಯಾಕೆ ಮುಖ್ಯ? ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷವಾಗುವುದು ಮುಕ್ತ ಅಮೋನಿಯಾದ ಪಾಲು, ಅದು ಪಿಎಚ್ ಮತ್ತು ಉಷ್ಣತೆಯ ಜೊತೆ ಏರುತ್ತದೆ. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದರೆ ಆ ಪಾಲು ಶೇಕಡ 0.6 ರ ಆಸುಪಾಸು. ಪಿಎಚ್ 8 ಆದರೆ ಶೇಕಡ 5 ದಾಟುತ್ತದೆ. ಅದೇ ಪಿಎಚ್ 8 ರ ನೀರನ್ನು 15 ಡಿಗ್ರಿಗೆ ಇಳಿಸಿದರೆ ಪಾಲು ಸರಿಸುಮಾರು ಅರ್ಧವಾಗುತ್ತದೆ. ಒಂದೇ 0.5 ಪಿಪಿಎಂ ಓದು ಒಂದು ತೊಟ್ಟಿಯಲ್ಲಿ ಸಣ್ಣ ಎಚ್ಚರಿಕೆ, ಇನ್ನೊಂದರಲ್ಲಿ ತುರ್ತು. ತೊಟ್ಟಿಯನ್ನು ತಂಪಾಗಿಸುವುದರಿಂದ ಅಮೋನಿಯಾದ ಏಟೂ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಿ.

ನಲ್ಲಿ ನೀರನ್ನೂ ಒಮ್ಮೆ ಇದೇ ಕಿಟ್‌ನಲ್ಲಿ ಪರೀಕ್ಷಿಸಿ. ಬದಲಿಸಲು ಬಳಸುವ ನೀರಿನಲ್ಲೇ ನೈಟ್ರೇಟ್ 30 ಇದ್ದರೆ ಎಷ್ಟು ಬದಲಿಸಿದರೂ 20 ಕ್ಕೆ ಇಳಿಯದು. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆದರೆ ನೀರು ಶುದ್ಧಿಗೆ ಬಳಸುವ ಕ್ಲೋರಿನ್-ಅಮೋನಿಯಾ ಸಂಯುಕ್ತವಾದ ಕ್ಲೋರಮೀನ್ ಹಾಗೆ ಹೋಗುವುದಿಲ್ಲ. ಆದ್ದರಿಂದ ದ್ರಾವಣ ಬೇಕೇ ಬೇಕು. ಅಲೋವೆರಾ ಸೇರಿಸಿದ ದ್ರಾವಣಗಳನ್ನು ಕೊಳ್ಳಬೇಡಿ. ಮೀನಿನ ಲೋಳೆಪೊರೆಗೆಂದು ಮಾಡಿದ ಆ ಮಿಶ್ರಣಗಳಿಂದ ಉಭಯವಾಸಿಗಳನ್ನು ದೂರವಿಡುವುದೇ ಕ್ಷೇಮ.

ಓದು ಕೆಟ್ಟಿದ್ದರೆ

ಅಮೋನಿಯಾ ಅಥವಾ ನೈಟ್ರೈಟ್ 0.25 ರ ಹತ್ತಿರ ಇದ್ದು ಪ್ರಾಣಿ ತಿನ್ನುತ್ತಿದ್ದರೆ ಅರ್ಧದಷ್ಟು ನೀರು ಬದಲಿಸಿ, ಮರುದಿನ ಮತ್ತೆ ಅಳೆಯಿರಿ. 0.5 ಅಥವಾ ಮೇಲಿದ್ದರೆ ಬೇರೆ ಡಬ್ಬಕ್ಕೆ ವರ್ಗಾಯಿಸುವುದು ಉತ್ತಮ. ಲೆಕ್ಕ ಸರಳ: 1 ಪಿಪಿಎಂ ಇರುವ ತೊಟ್ಟಿಯ ಅರ್ಧ ನೀರು ತೆಗೆದರೆ 0.5, ಮತ್ತೆ ಅರ್ಧ ತೆಗೆದರೆ 0.25. ಸೊನ್ನೆ ಮುಟ್ಟುವುದೇ ಇಲ್ಲ, ಅಷ್ಟರಲ್ಲಿ ಹೊಸ ಅಮೋನಿಯಾ ಸೇರುತ್ತಿರುತ್ತದೆ. ಡಬ್ಬದಲ್ಲಾದರೆ ದಿನಕ್ಕೊಮ್ಮೆ ಪೂರ್ತಿ ನೀರು ಹೊಸದು.

ಆಹಾರ ಇಡಲು ಬರುವ ಪ್ಲಾಸ್ಟಿಕ್ಕಿನ, ಸೋಪು ತಾಕದ ಎರಡು ಡಬ್ಬ ತೆಗೆದುಕೊಳ್ಳಿ. ದೊಡ್ಡ ಪ್ರಾಣಿಗೆ 15 ರಿಂದ 20 ಲೀಟರ್ ಹಿಡಿಯುವಂಥವು ಬೇಕು. ಅದು ಪೂರ್ತಿ ಮುಳುಗಿ, ಆರಾಮಾಗಿ ತಿರುಗುವಷ್ಟು ನೀರಿರಲಿ. ನೀರು ತುಂಬಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ತೊಟ್ಟಿಯ ಪಕ್ಕದಲ್ಲೇ ಇಟ್ಟು ಉಷ್ಣತೆ ಒಂದೆರಡು ಡಿಗ್ರಿ ಒಳಗೆ ಹೊಂದುವವರೆಗೆ ಕಾಯಿರಿ. ಪ್ರಾಣಿಯನ್ನು ಬಲೆಯಲ್ಲಿ ಎತ್ತಬೇಡಿ. ಬೆರಳು, ಕಿವಿರಿನ ಎಳೆ ಸಿಕ್ಕಿ ಹರಿಯುತ್ತವೆ. ಸಣ್ಣ ಪಾತ್ರೆಯೊಂದನ್ನು ನೀರೊಳಗೆ ಮುಳುಗಿಸಿ ಅದರೊಳಗೆ ನಿಧಾನವಾಗಿ ಹೊಗಿಸಿ, ನೀರಿನ ಸಮೇತ ಎತ್ತಿ. ಡಬ್ಬದ ಮೇಲೆ ತೂತುಗಳಿರುವ ಮುಚ್ಚಳ ಇಟ್ಟು, ಅರ್ಧ ಭಾಗಕ್ಕೆ ಕಪ್ಪು ಬಟ್ಟೆ ಹೊದಿಸಿ. ಆಕ್ಸೊಲಾಟಲ್ ಹಾರುತ್ತದೆ, ಆದ್ದರಿಂದ ಮುಚ್ಚಳ ಮರೆಯಬಾರದು. ಮಲ ಕಂಡ ಕೂಡಲೇ ತೆಗೆಯಿರಿ. 24 ಗಂಟೆಗೊಮ್ಮೆ ಎರಡನೇ ಡಬ್ಬದಲ್ಲಿ ನೀರು ಸಿದ್ಧಮಾಡಿ ಅದಕ್ಕೆ ದಾಟಿಸಿ, ಮೊದಲಿನದನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಹೀಗೆ ವಾರಗಟ್ಟಲೆ ಇಡಬಹುದು, ಏನೂ ತೊಂದರೆಯಿಲ್ಲ.

ಅತ್ತ ತೊಟ್ಟಿಯಲ್ಲಿ ಏನು ಕೆಟ್ಟಿತು ಎಂದು ಹುಡುಕಿ. ಹೊಸ ತೊಟ್ಟಿಯಾದರೆ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರ ಬೇಕು, ತಣ್ಣೀರಿನಲ್ಲಿ ಇನ್ನೂ ನಿಧಾನ. ಹಳೆಯ ತೊಟ್ಟಿಯಾದರೆ ನಾಲ್ಕು ಅನುಮಾನಗಳು: ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದದ್ದು, ಫಿಲ್ಟರಿನ ಒಳಗಿನದನ್ನೆಲ್ಲ ಒಟ್ಟಿಗೆ ಬದಲಿಸಿದ್ದು, ಬಹಳ ಹೊತ್ತು ವಿದ್ಯುತ್ ಹೋಗಿದ್ದು, ಬಂಡೆಯ ಸಂದಿಯಲ್ಲಿ ಕೊಳೆಯುತ್ತಿರುವ ಊಟ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು. ಪ್ರಾಣಿ ಹೊರಗಿರುವಾಗ ತೊಟ್ಟಿಯ ಉಷ್ಣತೆಯನ್ನು 25 ರಿಂದ 28 ಕ್ಕೆ ಏರಿಸಿ, ಅಕ್ವೇರಿಯಂಗೆಂದೇ ಬರುವ ಅಮೋನಿಯಾ ದ್ರಾವಣವನ್ನು 2 ಪಿಪಿಎಂ ಆಗುವಷ್ಟು ಹಾಕುತ್ತ ಬನ್ನಿ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಕರಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಆಗ ಹೆಚ್ಚಿನ ಪಾಲು ನೀರು ಬದಲಿಸಿ ನೈಟ್ರೇಟ್ 20 ರ ಕೆಳಗೆ ತಂದು, ನೀರನ್ನು 18 ಕ್ಕೆ ತಣಿಸಿ, ಮತ್ತೊಮ್ಮೆ ಅಳೆದು, ನಂತರವೇ ಪ್ರಾಣಿಯನ್ನು ಬಿಡಿ. ಅವಸರ ಬೇಡ.

ನೀರು ಬಿಸಿಯಾಗಿದ್ದರೆ

ಮೊದಲ ಉಪಾಯ ಫ್ಯಾನ್. ಗಾಜಿನ ಮುಚ್ಚಳ ತೆಗೆದು ಬಲೆಯ ಮುಚ್ಚಳ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಇಟ್ಟರೆ ನೀರು ಆವಿಯಾಗುತ್ತ 2 ರಿಂದ 4 ಡಿಗ್ರಿ ಇಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವುದು ಕಡಿಮೆ, ಇಳಿಕೆಯೂ ಕಡಿಮೆ. ಆರಿದಷ್ಟು ನೀರನ್ನು ದಿನವೂ ತುಂಬಿ. ಆರಿಹೋಗುವುದು ಬರೀ ನೀರು, ಖನಿಜ ಮತ್ತು ನೈಟ್ರೇಟ್ ಅಲ್ಲೇ ಉಳಿಯುತ್ತವೆ. ಮೇಲಿಂದ ತುಂಬಿದ್ದನ್ನು ನೀರು ಬದಲಿಸಿದ ಲೆಕ್ಕಕ್ಕೆ ಹಿಡಿಯಬೇಡಿ.

ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ತೇಲಿಬಿಡುವುದು ತುರ್ತಿಗೆ ಸರಿ. ದಿನವೂ ಅದನ್ನೇ ನೆಚ್ಚಿಕೊಂಡರೆ ಉಷ್ಣತೆ ಏರಿ ಇಳಿದು ಹೊಸ ಒತ್ತಡ ಹುಟ್ಟುತ್ತದೆ. 26 ಡಿಗ್ರಿಯಲ್ಲಿ ಬಳಲುತ್ತಿರುವ ಪ್ರಾಣಿಯನ್ನು ಒಮ್ಮೆಲೇ 16 ರ ನೀರಿಗೆ ಹಾಕಬೇಡಿ. ಗಂಟೆಗೆ ಒಂದೆರಡು ಡಿಗ್ರಿಯಂತೆ ಇಳಿಸಿ. ಬರೀ ಮಂಜುಗಡ್ಡೆಯನ್ನು ನೇರ ನೀರಿಗೆ ಹಾಕುವುದು ಬೇಡ, ಅದು ಕ್ಲೋರಿನ್ ಇರುವ ನಲ್ಲಿ ನೀರೇ. ಬೇಸಿಗೆಯಲ್ಲಿ ಕೋಣೆಯೇ 24 ದಾಟುವುದಾದರೆ ಅಕ್ವೇರಿಯಂ ಚಿಲ್ಲರ್ (ನೀರು ತಣಿಸುವ ಯಂತ್ರ) ಬೇಕು, ಇಲ್ಲವೇ ಕೋಣೆಗೆ ಹವಾನಿಯಂತ್ರಣ ಬೇಕು. ಇವೆರಡೂ ಸಾಧ್ಯವಿಲ್ಲ ಅನ್ನುವವರು ಆಕ್ಸೊಲಾಟಲ್ ತರದಿರುವುದೇ ಆ ಜೀವಕ್ಕೆ ಮಾಡುವ ಉಪಕಾರ ಎಂದು ನಾವು ಖಡಾಖಂಡಿತವಾಗಿ ಹೇಳುತ್ತೇವೆ.

ಸೆಳೆತ, ಬೆಳಕು, ನೆಲ, ಜೊತೆಗಾರರು

ಸೆಳೆತ ಜೋರಿದ್ದರೆ ಫಿಲ್ಟರಿನ ಹೊರಹರಿವಿಗೆ ಸ್ಪ್ರೇ ಬಾರ್ (ಸಾಲು ತೂತುಗಳಿರುವ ಕೊಳವೆ) ಜೋಡಿಸಿ ತೂತುಗಳನ್ನು ಗಾಜಿನ ಕಡೆಗೆ ತಿರುಗಿಸಿ, ಅಥವಾ ಹೊರಹರಿವಿನ ಬಾಯಿಗೆ ಸ್ಪಾಂಜ್ ಕಟ್ಟಿ. ತೊಟ್ಟಿಯ ಒಂದು ಮೂಲೆಯಲ್ಲಾದರೂ ನೀರು ಪೂರ್ತಿ ನಿಂತಿರಬೇಕು. ಗಿಡದ ಎಲೆ ಸದಾ ಒಂದೇ ದಿಕ್ಕಿಗೆ ಬಾಗಿರುವ ಜಾಗ ಆಕ್ಸೊಲಾಟಲ್‌ಗೆ ಸೇರುವುದಿಲ್ಲ. ಸ್ಪಾಂಜ್ ಫಿಲ್ಟರ್ ಸೌಮ್ಯ, ಆದರೆ ದೊಡ್ಡ ಪ್ರಾಣಿ ಹಾಕುವ ಹೊಲಸಿಗೆ ಒಂದೇ ಸ್ಪಾಂಜ್ ಸಾಲದು.

ಒಂದೊಂದು ಪ್ರಾಣಿಗೂ ಎರಡು ಅಡಗುದಾಣ ಕೊಡಿ. ಮೈ ಪೂರ್ತಿ ಒಳಗೆ ಹೋಗಿ ತಿರುಗುವಷ್ಟು ದೊಡ್ಡವು, ಅಂಚು ನುಣುಪಾದವು. ತೊಟ್ಟಿಯ ದೀಪ ಗಿಡಗಳಿಗಾಗಿ ಬೇಕಿದ್ದರೆ ಮಂದವಾಗಿರಲಿ. ದೀಪ ಹತ್ತಿದ ಕೂಡಲೇ ಓಡಿ ಅಡಗುತ್ತಿದ್ದರೆ ಬೆಳಕು ಹೆಚ್ಚಾಯಿತು ಎಂದರ್ಥ. ಸ್ಪೀಕರ್, ಬಟ್ಟೆ ಒಗೆಯುವ ಯಂತ್ರ, ಬಾಗಿಲು ಬಡಿಯುವ ಗೋಡೆ ಇವುಗಳಿಂದ ತೊಟ್ಟಿ ದೂರವಿರಲಿ. ನೀರಿನ ಕಂಪನವನ್ನು ಅದು ಮೈಯಿಂದಲೇ ಗ್ರಹಿಸುತ್ತದೆ.

ಜಲ್ಲಿಕಲ್ಲು ಮಾತ್ರ ಬೇಡವೇ ಬೇಡ. ಆಕ್ಸೊಲಾಟಲ್ ಊಟವನ್ನು ನೀರಿನ ಸಮೇತ ಬಾಯಿಗೆ ಎಳೆದುಕೊಳ್ಳುತ್ತದೆ, ಜೊತೆಗೆ ಕಲ್ಲೂ ಹೋಗುತ್ತದೆ, ಕರುಳು ಕಟ್ಟುತ್ತದೆ. ಬರಿ ಗಾಜಿನ ತಳ ಇರಲಿ, ಅಥವಾ ಪ್ರಾಣಿ 15 ಸೆಂಟಿಮೀಟರ್ ದಾಟಿದ ಮೇಲೆ 1 ಮಿಲಿಮೀಟರ್‌ಗಿಂತ ಸಣ್ಣ ಕಣದ ಮರಳು ಹಾಕಿ. ಕಾಲಿಗೆ ಹಿಡಿತ ಸಿಗುವುದರಿಂದ ಮರಳು ಅದಕ್ಕೆ ಹಿತ.

ಮೀನುಗಳನ್ನು ಜೊತೆಗೆ ಬಿಡಬೇಡಿ. ಅವು ಕಿವಿರಿನ ಎಳೆಗಳನ್ನು ಹುಳುವೆಂದು ಕಚ್ಚುತ್ತವೆ, ಪರೋಪಜೀವಿಗಳನ್ನೂ ತರುತ್ತವೆ. ಇನ್ನೊಂದು ಆಕ್ಸೊಲಾಟಲ್ ಇಡುವುದಾದರೆ ಒಂದೇ ಗಾತ್ರದ್ದಿರಲಿ. ಮರಿಗಳು ಒಂದರ ಕಾಲು ಇನ್ನೊಂದು ತಿನ್ನುವುದು ಮಾಮೂಲು. ಕಾಲು ಮತ್ತೆ ಬೆಳೆಯುತ್ತದೆ ಎಂದು ಸುಮ್ಮನಿರಬೇಡಿ, ಅಂದೇ ಬೇರ್ಪಡಿಸಿ. ಗಂಡು ಹೆಣ್ಣನ್ನು ಒಟ್ಟಿಗೆ ಇಟ್ಟರೆ ಪದೇ ಪದೇ ಮೊಟ್ಟೆಯಿಟ್ಟು ಹೆಣ್ಣು ಸೊರಗುತ್ತದೆ. ಎತ್ತಿ ಆಡಿಸುವ ಪ್ರಾಣಿ ಇದಲ್ಲ ಎಂಬುದನ್ನು ಮನೆಯ ಮಕ್ಕಳಿಗೂ ತಿಳಿಸಿ.

ತೇಲುತ್ತಿದ್ದರೆ

ಗಾಳಿ ನುಂಗಿ ಒಂದೆರಡು ಗಂಟೆ ತೇಲಿ, ಆಮೇಲೆ ತಾನೇ ತಳಕ್ಕಿಳಿದರೆ ಬಿಡಿ. ಇಳಿಯಲು ಹೆಣಗಾಡಿ, ಬಾಲದ ಕಡೆ ಮೇಲೆದ್ದು ಮತ್ತೆ ತೇಲುತ್ತಿದ್ದರೆ ಹೊಟ್ಟೆಯಲ್ಲಿ ಗಾಳಿ ಅಥವಾ ಮಲಬದ್ಧತೆ. ಆಳ ಕಡಿಮೆಯಿರುವ ಡಬ್ಬಕ್ಕೆ ಹಾಕಿ, ಕಾಲು ತಳಕ್ಕೆ ತಾಗಿ ಬೆನ್ನು ಮಾತ್ರ ಮುಳುಗುವಷ್ಟು ನೀರಿಟ್ಟು, ಎರಡು ಮೂರು ದಿನ ಊಟ ನಿಲ್ಲಿಸಿ, ನೀರನ್ನು ತಣ್ಣಗಿಡಿ. ಬೆನ್ನು ನೀರಿನ ಹೊರಗೆ ಒಣಗಬಾರದು. ಫ್ರಿಜ್ಜಿನಲ್ಲಿಡುವ ಪದ್ಧತಿಯೊಂದಿದೆ, 5 ರಿಂದ 8 ಡಿಗ್ರಿಯ ಚಳಿ ಸ್ವತಃ ದೇಹಕ್ಕೆ ಭಾರ, ಆದ್ದರಿಂದ ವೈದ್ಯರು ಹೇಳದೆ ಅದಕ್ಕೆ ಕೈಹಾಕಬೇಡಿ. ಮಲ ಬಾರದೆ, ಹೊಟ್ಟೆ ಗಟ್ಟಿಯಾಗಿ ಊದಿದ್ದರೆ ಎಕ್ಸ್‌ರೇ ತೆಗೆಸಿ. ಕಲ್ಲು ಇದ್ದರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬಿಳಿ ಹತ್ತಿಯಂಥ ಶಿಲೀಂಧ್ರಕ್ಕೆ

ಶಿಲೀಂಧ್ರ ಹಿಡಿಯುವುದು ಬಹುಮಟ್ಟಿಗೆ ಈಗಾಗಲೇ ಬಳಲಿದ ಮೈಗೆ, ಗಾಯಕ್ಕೆ. ನೀರು ಸರಿಪಡಿಸದೆ ಔಷಧ ಕೊಟ್ಟರೆ ಮತ್ತೆ ಬರುತ್ತದೆ. ಸಣ್ಣ ಮಚ್ಚೆಗೆ ಚಹಾ ಸ್ನಾನ ಸಾಕು: ಸುವಾಸನೆ, ಸಕ್ಕರೆ, ಮಸಾಲೆ ಏನೂ ಸೇರಿಸದ ಕಪ್ಪು ಚಹಾದ ಒಂದು ಬ್ಯಾಗನ್ನು ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಕ್ಲೋರಿನ್ ತೆಗೆದ ಸುಮಾರು 8 ಲೀಟರ್ ನೀರಿಗೆ ಬೆರೆಸಿ, ಡಬ್ಬದ ನೀರಿನ ಉಷ್ಣತೆಗೇ ತಂದು, 10 ರಿಂದ 15 ನಿಮಿಷ ಪ್ರಾಣಿಯನ್ನು ಅದರಲ್ಲಿಟ್ಟು, ನಂತರ ಶುದ್ಧ ನೀರಿನ ಡಬ್ಬಕ್ಕೆ ಮರಳಿಸಿ. ದಿನಕ್ಕೊಂದು ಸಲ, ಒಂದು ವಾರದವರೆಗೆ. ಚಹಾದ ಟ್ಯಾನಿನ್ ಶಿಲೀಂಧ್ರವನ್ನು ಅಲ್ಪಸ್ವಲ್ಪ ತಡೆಯುತ್ತದೆ. ಬಹಳ ಹಿಂದಿನಿಂದ ರೂಢಿಯಲ್ಲಿರುವ ಉಪ್ಪುನೀರಿನ ಸ್ನಾನ ಚರ್ಮದ ಲೋಳೆಪೊರೆಯನ್ನೂ ಕಿವಿರನ್ನೂ ಘಾಸಿಗೊಳಿಸುವುದರಿಂದ ನಾವು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಮೀನಿಗೆಂದು ಮಾರುವ ತಾಮ್ರದ ಔಷಧಗಳನ್ನು ಎಂದಿಗೂ ಬಳಸಬೇಡಿ. ಮಚ್ಚೆ ಹರಡಿದರೆ ಅಥವಾ ಕಿವಿರಿನ ಬುಡಕ್ಕೆ ಇಳಿದರೆ ವೈದ್ಯರು ಹೇಳುವ ಪ್ರಮಾಣದಲ್ಲಿ ಮೆಥಿಲೀನ್ ಬ್ಲೂ, ಅದೂ ಡಬ್ಬದಲ್ಲಿ ಮಾತ್ರ. ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ.

ವೈದ್ಯರ ಬಳಿಗೆ

ಕೆಂಪು ಚುಕ್ಕೆ, ತೆರೆದ ಹುಣ್ಣು, ಇಡೀ ಮೈ ನೀರು ತುಂಬಿದಂತೆ ಊದುವುದು, ತಲೆಕೆಳಗಾಗಿ ತೇಲುವುದು, ತಿಂದದ್ದೆಲ್ಲ ಕಾರುವುದು, ನೀರು ಸರಿಯಿದ್ದೂ ಎರಡು ವಾರ ತಿನ್ನದಿರುವುದು: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಉಭಯವಾಸಿಗಳನ್ನು ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ, ಆದ್ದರಿಂದ ಪ್ರಾಣಿ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಹೊರಡುವಾಗ ಕಳೆದ ದಿನಗಳ ನೀರಿನ ಓದು, ಉಷ್ಣತೆ, ಕೊನೆಯ ಊಟ ಮತ್ತು ಮಲದ ದಿನ, ಫೋಟೊಗಳನ್ನು ಒಯ್ಯಿರಿ. ಪ್ರಾಣಿಯನ್ನು ಶುದ್ಧ ತಣ್ಣೀರಿರುವ ಡಬ್ಬದಲ್ಲಿಟ್ಟು, ಡಬ್ಬವನ್ನು ಥರ್ಮೊಕೋಲ್ ಪೆಟ್ಟಿಗೆಯೊಳಗೆ, ಐಸ್ ಪ್ಯಾಕ್ ಅನ್ನು ಡಬ್ಬದ ಹೊರಗೆ ಬಟ್ಟೆ ಸುತ್ತಿ ಇಡಿ. ಹಿಂದಿನ ದಿನ ಊಟ ಕೊಡಬೇಡಿ. ದಾರಿಯಲ್ಲಿ ಕಾರಿಕೊಂಡರೆ ಸಣ್ಣ ಡಬ್ಬದ ನೀರು ಬೇಗ ಕೆಡುತ್ತದೆ.

ಸರಿಪಡಿಸಿದ ಮೇಲೆ ಎಷ್ಟು ಕಾಯಬೇಕು? ಸೆಳೆತ ಕಾರಣವಾಗಿದ್ದರೆ ಕಿವಿರು ಗಂಟೆಗಳಲ್ಲಿ ಸಡಿಲವಾಗುತ್ತದೆ. ಅಮೋನಿಯಾ, ಬಿಸಿ ಕಾರಣವಾಗಿದ್ದರೆ ಕೆಲವು ದಿನ. ಹಸಿವು ಸಾಮಾನ್ಯವಾಗಿ ಕೊನೆಗೆ ಮರಳುತ್ತದೆ. ಸಣ್ಣ ಎರೆಹುಳದ ತುಂಡೊಂದನ್ನು ದಿನ ಬಿಟ್ಟು ದಿನ ತೋರಿಸಿ, ಹಿಡಿಯದಿದ್ದರೆ ಅರ್ಧ ಗಂಟೆಯಲ್ಲಿ ತೆಗೆದುಬಿಡಿ. ಈ ಅವಧಿಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಫಿಲ್ಟರ್, ಊಟ, ಮರಳು, ಔಷಧ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯದು. ತೊಟ್ಟಿಗೆ ಮರಳಿಸಿದ ಮೇಲೆ ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಅಳೆದು ಬರೆದಿಡಿ. ನೈಟ್ರೇಟ್ 20 ಮುಟ್ಟುವ ವೇಗ ನೋಡಿ ವಾರಕ್ಕೆ ಎಷ್ಟು ನೀರು ಬದಲಿಸಬೇಕು ಎಂದು ಗೊತ್ತುಮಾಡಿಕೊಳ್ಳಿ.